ಕಿಟಕಿ ಸೀಟಿನ ಟೀಚರ್, ಚೀನಾದ ಬೇರು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಟೀಚರಿಗೆ ಕಿಟಕಿ ಸೀಟೇ ಆಗಬೇಕಿತ್ತು. ಮುಟ್ಟು ನಿಲ್ಲುವ ವಯಸ್ಸು. ಇದ್ದಕ್ಕಿದ್ದಂತೆ ಮೈ ಕಾದು ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಮಳೆ ಸುರಿಯುತ್ತಿದ್ದರೂ ಗಾಜು ಸರಿಸಿಬಿಡುತ್ತಿದ್ದರು. ನಾವು ಗೊಣಗಿದರೆ, "ಒಂಚೂರು ನೆನೀರಿ, ಸಾಯಲ್ಲ" ಎನ್ನುತ್ತಿದ್ದರು.

ಒಮ್ಮೆ ಅವರ ನಾದಿನಿ ಸಿಂಗಪುರದಿಂದ ಚೀನಾದ ಬೇರೊಂದನ್ನು ತಂದುಕೊಟ್ಟರು. ಅಲ್ಲಿಯ ಹೆಂಗಸರು ಇಂಥ ತೊಂದರೆಗೆ ಅದನ್ನು ಕುದಿಸಿ ಕುಡಿಯುತ್ತಾರಂತೆ. ಟೀಚರ್ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ನಮ್ಮ ಕಷಾಯದ ಹಾಗೇ ಮಾಡಿ, ಫ್ಲಾಸ್ಕಿನಲ್ಲಿ ತರತೊಡಗಿದರು.

"ಹಾರ್ಟಿನ ಮಾತ್ರೆ ತಗೊಳ್ತೀರಲ್ಲ, ಡಾಕ್ಟರನ್ನ ಕೇಳಿದ್ರಾ?" ಎಂದೆ.

"ಬೇರು ಮಾರಾಯ್ತಿ, ವಿಷ ಅಲ್ಲ. ಸಾಯಲ್ಲ."

ಕೆಲವು ದಿನಗಳಲ್ಲಿ ಅವರ ತೋಳಿನ ಮೇಲೆಲ್ಲ ನೀಲಿ ಕಲೆಗಳು. "ಬಸ್ಸಿನ ಕಂಬಿ ತಾಗಿದ್ದು" ಎಂದರು. ಅಷ್ಟೊಂದು ಕಂಬಿ ಯಾವ ಬಸ್ಸಿನಲ್ಲಿದೆ? ಶಾಲೆಗೆ ಬಿಡದೆ ವಿನೋಬನಗರದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ರಕ್ತ ತೆಳುವಾಗಿಸುವ ಅವರ ಹಾರ್ಟಿನ ಮಾತ್ರೆಯ ಜೊತೆ ಆ ಬೇರು ಕುಡಿಯಲೇಬಾರದಂತೆ, ಚರ್ಮದೊಳಗೇ ರಕ್ತ ಒಸರಿ ಹೀಗೆ ಕಲೆ ಬೀಳುತ್ತದಂತೆ. ಡಾಕ್ಟರು ಬೈದದ್ದು ಹೊರಗಿನ ಬೆಂಚಿಗೂ ಕೇಳಿಸಿತು.

ಮುಂದಿನ ವಾರ ಮತ್ತೆ ಅದೇ ಸೀಟು, ಅದೇ ಫ್ಲಾಸ್ಕು. ದುರುಗುಟ್ಟಿ ನೋಡಿದೆ.

"ಕಾಫಿ ಮಾರಾಯ್ತಿ" ಎಂದು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟರು.

ಅಷ್ಟರಲ್ಲಿ ಅವರ ಕುತ್ತಿಗೆ ಬೆವರಿತು. ಹೊರಗೆ ಜೋರು ಮಳೆ. ಆ ದಿನ ಅವರು ಗಾಜಿಗೆ ಕೈ ಹಾಕಲಿಲ್ಲ, ಸುಮ್ಮನೆ ಸೆರಗಿನಿಂದ ಒರೆಸಿಕೊಂಡರು. ನಾನೇ ಬಾಗಿ ಗಾಜು ಸರಿಸಿದೆ. ಮುಂದಿನ ಸೀಟಿನಾಕೆ ತನ್ನದನ್ನೂ ಸರಿಸಿದಳು, ಹಿಂದಿನಾಕೆಯೂ. ಮಳೆ ಒಳಗೆ ನುಗ್ಗಿತು.

ಯಾರೂ ಸಾಯಲಿಲ್ಲ.