ಎರಡು ವಾರಸು ಪಟ್ಟಿಗಳ ನಡುವೆ ನಾಗರತ್ನಮ್ಮ

ಇಪ್ಪತ್ತೈದು ವರ್ಷ ವಿಲೇಜ್ ಆಫೀಸಿನ ಕಸ ಗುಡಿಸಿದ ಹೆಂಗಸಿಗೆ ಕಾಗದಪತ್ರದ ವಿಷಯ ಏನು ಗೊತ್ತಿದ್ದೀತು ಎಂದು ನಿಮಗೂ ಅನ್ನಿಸಬಹುದು. ಮುಳ್ಳನ್‌ಕೊಲ್ಲಿಯಲ್ಲಿ ಹಾಗೆ ಕೇಳಿ ಮುಖ ಸಪ್ಪಗೆ ಮಾಡಿಕೊಂಡು ಹೋದವರು ಬಹಳ ಜನ. ನಾಗರತ್ನಮ್ಮನ ಉತ್ತರ ಒಂದೇ: "ನೀವು ಕಾಗದದ ಮುಖ ನೋಡಿದ್ದೀರಿ. ನಾನು ಅದರ ಬೆನ್ನಿನ ಧೂಳು ಒರೆಸಿದ್ದೀನಿ."

ಮಾತು ಜಂಬದ್ದೇ, ಆದರೆ ಸುಳ್ಳಲ್ಲ. ಮೂವತ್ತೈದಕ್ಕೆ ಗಂಡನನ್ನು ಕಳೆದುಕೊಂಡು ಪೊರಕೆ ಹಿಡಿದವಳು ಅವಳು. ಯಾವ ಕಾಗದದ ಕಟ್ಟಿಗೆ ಗೆದ್ದಲು ಹತ್ತಿದೆ, ಯಾವ ಗುಮಾಸ್ತ ಯಾವ ಕಡತವನ್ನು ಎಲ್ಲಿ ತುರುಕುತ್ತಾನೆ, ಎಲ್ಲ ಅವಳಿಗೆ ಬಾಯಿಪಾಠ. ನಾಲ್ಕನೇ ಕ್ಲಾಸಿನ ಮಲಯಾಳ ಓದು, ಮನೆಯಲ್ಲಿ ಕಲಿತ ಕನ್ನಡ, ಯಾರಿಗೂ ಹೆದರದ ನಾಲಿಗೆ. ಈಗ ಎಪ್ಪತ್ತನಾಲ್ಕು ವಯಸ್ಸು. ಐದು ಸೆಂಟು ಜಾಗ, ಹತ್ತು ಮೆಣಸಿನ ಬಳ್ಳಿ, ಪಿಂಚಣಿ. ಯಾರ ಆಸ್ತಿಯ ಮೇಲೂ ಅವಳಿಗೆ ಕಣ್ಣಿರಲಿಲ್ಲ.

ಈಚೆಗೆ ಭರತ್ ಒಂದು ದೊಡ್ಡ ಹಾಳೆ ಸುತ್ತಿಕೊಂಡು ಬಂದ. ಭರತ್ ಹೈಸ್ಕೂಲು ಮೇಷ್ಟ್ರು, ಮಾದಪ್ಪನ ಮೊಮ್ಮಗ. ಹೊಳೆಯಾಚೆಯ ಕನ್ನಡನಾಡಿನಿಂದ ಬಂದು ಇಲ್ಲಿ ಕಾಡು ಸವರಿ ಮೆಣಸು ನೆಟ್ಟ ಮಾದಪ್ಪನಿಂದ ಹಿಡಿದು ನಾಲ್ಕು ತಲೆಮಾರಿನ ವಂಶಾವಳಿ ಬರೆಯುವ ಹುಚ್ಚು ಅವನಿಗೆ ಹತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ನೆಂಟರೆಲ್ಲ ಸೇರುವವರಿದ್ದರು. ಅಷ್ಟರೊಳಗೆ ಹಾಳೆ ಅಚ್ಚಾಗಬೇಕು.

ನಾಗರತ್ನಮ್ಮ ಕನ್ನಡಕ ಏರಿಸಿ ತನ್ನ ಹೆಸರು ಹುಡುಕಿದಳು. ಇತ್ತು, ಪಕ್ಕದಲ್ಲಿ. ಮಾದಪ್ಪನ ಇಬ್ಬರು ಗಂಡುಮಕ್ಕಳಿಗೆ ದಪ್ಪ ಗೆರೆ ಎಳೆದಿದ್ದ. ಅವಳಿಗೆ ಚುಕ್ಕೆಚುಕ್ಕೆಯ ಗೆರೆ, ಅದರ ಕೆಳಗೆ ಆವರಣದಲ್ಲಿ 'ಸಾಕುಮಗಳು'.

"ಅತ್ತೆ ಅತ್ತೆ ಅಂತ ಬಾಯ್ತುಂಬ ಕರೀತೀಯಲ್ಲೋ, ಗೆರೆ ಎಳೆಯೋವಾಗ ಮಾತ್ರ ಚುಕ್ಕೆನಾ?"

ಭರತ್ ಒಳ್ಳೆಯ ಹುಡುಗ, ಆದರೆ ಕಾಗದಕ್ಕೆ ಸೀಲ್ ಬಿದ್ದರೆ ಸಾಕು, ಅದು ದೇವರ ಮಾತು ಎಂದು ನಂಬುವವನು. ಎರಡು ನಕಲು ತೆಗೆದು ತೋರಿಸಿದ. "ನೋಡಿ ಅತ್ತೆ, ತಾತ ತೀರಿಕೊಂಡ ಮೇಲೆ ಮಾಡಿಸಿದ ವಾರಸು ಪಟ್ಟಿ. ಅಜ್ಜಿ, ಆಮೇಲೆ ಇಬ್ಬರೇ ಮಕ್ಕಳು, ನಮ್ಮಪ್ಪ, ಚಿಕ್ಕಪ್ಪ. ಇದು ಹಾಡಿಯ ಚಿರುತ ತೀರಿಕೊಂಡ ಮೇಲೆ ಮಾಡಿಸಿದ್ದು. ಮಗ ಮಾರನ್, ಮಗಳು ನಾಗರತ್ನ. ಎರಡಕ್ಕೂ ಸರ್ಕಾರದ ಸೀಲ್ ಇದೆ. ನಾನೇನು ಮಾಡ್ಲಿ?"

ಅವಳು ಎರಡೂ ನಕಲನ್ನು ಪಕ್ಕಪಕ್ಕ ಇಟ್ಟು ನೋಡಿದಳು.

ತಾನು ಯಾರ ಮಗಳು ಎಂದು ಅವಳಿಗೇ ಗೊತ್ತಿರಲಿಲ್ಲ. ಐದು ವರ್ಷದ ತನಕ ಅವಳು ಮಲಗಿದ್ದು ಚಿರುತಳ ಮಗ್ಗುಲಲ್ಲಿ, ಕಾಡಂಚಿನ ಆದಿವಾಸಿ ಹಾಡಿಯಲ್ಲಿ. ಆಮೇಲೆ ಬೆಳೆದದ್ದು ಬೇಲಿಯಾಚೆಯ ಮಾದಪ್ಪನ ಮನೆಯಲ್ಲಿ. ಮಾದಪ್ಪನ ಹೆಂಡತಿ ಚಿಕ್ಕತಾಯಮ್ಮನನ್ನು ಅವಳು ಕರೆದದ್ದು 'ದೊಡ್ಡಮ್ಮ' ಎಂದು, ಹಾಗೆಂದೇ ಕಲಿಸಿದ್ದರು. ಒಮ್ಮೆ, ಏಳೆಂಟು ವರ್ಷದವಳಿದ್ದಾಗ, "ನಾನು ಯಾರ ಮಗಳು?" ಎಂದು ಕೇಳಿದ್ದಕ್ಕೆ ದೊಡ್ಡಮ್ಮ ಗಬಕ್ಕನೆ ಅವಳ ಬಾಯಿಗೆ ಕೈ ಅಡ್ಡ ಇಟ್ಟು, ಎದ್ದು ಒಳಗೆ ಹೋಗಿಬಿಟ್ಟಿದ್ದಳು. ತಾನು ಅವರಿಗೆ ಬೇಡದವಳು ಎಂದು ಹುಡುಗಿ ಅಂದೇ ತೀರ್ಮಾನಿಸಿಕೊಂಡಳು. ಆ ನೋವನ್ನು ಅರವತ್ತಾರು ವರ್ಷ ಯಾರಿಗೂ ಹೇಳದೆ ಹೊತ್ತವಳು. ಹಿರಿಯರೆಲ್ಲ ಹೋಗಿಯಾಗಿತ್ತು. ಹಾಡಿಯ ಮಾರನ್ ಅವಳಿಗಿಂತ ಚಿಕ್ಕವನು. "ನೀನು ನನ್ನ ಚೇಚಿ, ನನ್ನ ಅಕ್ಕ, ಅಮ್ಮ ಹಾಗೆ ಹೇಳಿದ್ದಾಳೆ" ಎನ್ನುವುದರಾಚೆ ಅವನಿಗೂ ಏನೂ ತಿಳಿಯದು.

"ಅಚ್ಚು ಹಾಕಿಸಬೇಡ," ಎಂದಳು ಕೊನೆಗೆ. "ಪಟ್ಟಿ ಅನ್ನೋದು ಬರೀ ಮುಖ. ಬೆನ್ನಿಗೆ ಕಡತ ಇರ್ತದೆ. ಅರ್ಜಿ, ವಿಚಾರಣೆ, ಹೇಳಿಕೆ. ಅದನ್ನ ನೋಡಿದ್ಯಾ?"

ಮೇಷ್ಟ್ರು ನೋಡಿರಲಿಲ್ಲ.

ಮರುದಿನವೇ ಹತ್ತು ರೂಪಾಯಿಯ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನ ಅರ್ಜಿ ಹೋಯಿತು. ಮೂರು ವಾರಕ್ಕೆ ಉತ್ತರ ಬಂತು: ಮಾದಪ್ಪ ತೀರಿಕೊಂಡ ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಕಟ್ಟಿನಲ್ಲಿ ಅಂಥ ಕಡತ ಇಲ್ಲ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ನಾಗರತ್ನಮ್ಮ ಕೊಡೆ ತೆಗೆದುಕೊಂಡು ಬಸ್ಸು ಹತ್ತಿದಳು.

ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಗ್ರೀಷ್ಮ ಎಂಬ ಚಿಕ್ಕ ವಯಸ್ಸಿನ ಗುಮಾಸ್ತೆ ಇದ್ದಳು. ಮರ್ಯಾದೆಯ ಹುಡುಗಿ, ಕುರ್ಚಿ ಕೊಟ್ಟು ಮಲಯಾಳದಲ್ಲಿ ಹೇಳಿದಳು: "ಅಮ್ಮೇ, ನಾನೇ ಹುಡುಕಿದ್ದೇನೆ. ಎಪ್ಪತ್ತನಾಲ್ಕರಲ್ಲಿ ಇಲ್ಲ."

"ಮೋಳೇ, ನನ್ನ ಮಗಳೇ, ಸತ್ತ ವರ್ಷದಲ್ಲಿ ಯಾಕೆ ಹುಡುಕ್ತೀಯ? ಕಟ್ಟು ಕಟ್ಟೋದು ಕಡತ ತೀರ್ಮಾನ ಆದ ವರ್ಷಕ್ಕೆ. ಎಷ್ಟು ಕಟ್ಟು ಬಿಚ್ಚಿ ಕಟ್ಟಿದ್ದೀನಿ ನಾನು! ಎಪ್ಪತ್ತೈದು, ಎಪ್ಪತ್ತಾರು ನೋಡು."

ಎಪ್ಪತ್ತೈದರಲ್ಲೂ ಇರಲಿಲ್ಲ, ಎಪ್ಪತ್ತಾರರಲ್ಲಿ ಸಿಕ್ಕಿತು. ಕಂದಿದ ಒಂಬತ್ತು ಹಾಳೆ, ಮೂಲೆಗೆ ದಾರ. ಗ್ರೀಷ್ಮ ಒಂದೊಂದೇ ತಿರುವಿ ಆರನೆಯದರ ಹತ್ತಿರ ನಿಂತಳು. ವಿಧವೆ ಚಿಕ್ಕತಾಯಮ್ಮನ ಹೇಳಿಕೆ. ಆ ಹುಡುಗಿ ಗಟ್ಟಿಯಾಗಿ ಓದತೊಡಗಿದಳು:

'ಬರೆಯಬೇಕಾದದ್ದು ಇಬ್ಬರು ಮಕ್ಕಳನ್ನು. ನಾಗರತ್ನಳ ಹೆಸರು ಬರೆಯಬಾರದು. ಮೊದಲು ಹೆತ್ತ ಮೂರು ಕೂಸು ನನಗೆ ಉಳಿಯಲಿಲ್ಲ. ನಾಲ್ಕನೆಯದು ಇವಳು. ಹನ್ನೊಂದನೇ ದಿನ ಚಿರುತಳಿಗೆ ಒಂದು ಮೊರ ತೌಡಿಗೆ ಮಾರಿದೆ. ಮಾರಿದ ಮೇಲೆ ಅದು ನನ್ನದಲ್ಲ, ಆದ್ದರಿಂದ ಸಾವು ಅದನ್ನು ಮುಟ್ಟಲಿಲ್ಲ. ಐದು ತುಂಬಿದ ಮೇಲೆ ಸಾಕುಮಗಳೆಂದೇ ಮನೆಗೆ ಕರೆತಂದೆ. ಈಗ ಸರ್ಕಾರದ ಪುಸ್ತಕದಲ್ಲಿ ನನ್ನ ಮಗಳು ಎಂದು ಬರೆಸಿದರೆ ಅವಳೂ ಹೋದಾಳು. ನನಗೆ ಪಟ್ಟಿಯಲ್ಲಿ ಬೇಡ, ಅವಳು ಬದುಕಿದ್ದರೆ ಸಾಕು.'

ಕೆಳಗೆ ಹೆಬ್ಬೆಟ್ಟು. ಅದರ ಕೆಳಗೇ ನೆರೆಯ ಚಿರುತಳ ಹೇಳಿಕೆ: 'ತೌಡು ಕೊಟ್ಟು ಕೊಂಡದ್ದು ನಿಜ. ಕೇಳಿದವರಿಗೆಲ್ಲ ನನ್ನ ಮಗಳೆಂದೇ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಹೆತ್ತವಳು ಅವಳು. ಉಳಿಸಿದ್ದು ಇಬ್ಬರೂ.' ಅದಕ್ಕೂ ಹೆಬ್ಬೆಟ್ಟು. ವಿಚಾರಣೆ ಮಾಡಿದ ಅಧಿಕಾರಿ ಇಷ್ಟು ಮಾತಿನಲ್ಲಿ 'ಇಬ್ಬರು ಮಕ್ಕಳನ್ನು' ಎಂಬುದರ ಅಡಿಗೆ ಮಾತ್ರ ಗೆರೆ ಎಳೆದು, ಪಟ್ಟಿ ಮುಗಿಸಿದ್ದ.

ನಾಗರತ್ನಮ್ಮ ಹಾಳೆ ಎಳೆದುಕೊಂಡು ಆ ಎರಡು ಹೆಬ್ಬೆಟ್ಟಿನ ಗುರುತುಗಳನ್ನು ಬೆರಳಲ್ಲಿ ಸವರಿದಳು. ಬಾಯಿಗೆ ಅಡ್ಡ ಬಂದ ಆ ಕೈ ಅವಳಿಗೆ ಈಗ ಅರ್ಥವಾಯಿತು. ಬೇಡವಾಗಿ ಅಲ್ಲ, ಹೆದರಿ. ಜೀವಮಾನವಿಡೀ ಹೆದರಿಕೊಂಡೇ ಮಗಳನ್ನು ಮಗಳೆನ್ನದೆ ಸತ್ತಳಲ್ಲ ಎಂದು ಅತ್ತಳು. ಅಳುತ್ತಲೇ ಸಂತೋಷ ಉಕ್ಕಿ ಬಂತು, ತಡೆಯಲಾಗಲಿಲ್ಲ.

"ನಕಲು ಕೊಡು ಮೋಳೇ. ಸೀಲ್ ಸರಿಯಾಗಿ ಬೀಳಲಿ, ನಮ್ಮ ಮೇಷ್ಟ್ರಿಗೆ ಸೀಲ್ ಅಂದ್ರೆ ಪ್ರಾಣ."

ಭರತ್ ಆ ಹಾಳೆಯನ್ನು ಎರಡು ಸಲ ಓದಿದ. "ತಪ್ಪಾಯ್ತು ಅತ್ತೆ. ಎರಡು ಪಟ್ಟಿಯಲ್ಲಿ ಒಂದು ಸುಳ್ಳಿರಬೇಕು ಅಂದ್ಕೊಂಡಿದ್ದೆ."

"ಎರಡೂ ಸುಳ್ಳಲ್ಲ ಕಣೋ. ಒಬ್ಬಳು ನನ್ನ ಹೆಸರು ಬಿಡಿಸಿದ್ದು ನನಗೋಸ್ಕರ, ಇನ್ನೊಬ್ಬಳು ತನ್ನ ಮಗಳು ಅಂತ ಹೇಳ್ತಾ ಬಂದಿದ್ದೂ ನನಗೋಸ್ಕರ. ಈಗ ಪೆನ್ಸಿಲ್ ತಗೋ."

ಇಡೀ ಹಾಳೆ ಹೊಸದಾಗಿ ಬರೆಯಬೇಕಾಯಿತು. ಉಳಿಯದ ಮೂರು ಕೂಸುಗಳಿಗೆ ಹೆಸರಿಲ್ಲದ ಮೂರು ಪುಟ್ಟ ವೃತ್ತ. ಆಮೇಲೆ ನಾಗರತ್ನ. ಅವಳ ಕೆಳಗೆ ಇಬ್ಬರು ತಮ್ಮಂದಿರು. ಚಿಕ್ಕತಾಯಮ್ಮನ ಪಕ್ಕದಲ್ಲಿ ಚಿರುತಳನ್ನೂ ಬರೆ ಎಂದಾಗ ಭರತ್ ತಲೆ ಕೆರೆದುಕೊಂಡ. "ವಂಶಾವಳಿಯಲ್ಲಿ ಕೊಂಡವರಿಗೆ ಜಾಗ ಇರಲ್ಲ ಅತ್ತೆ."

"ಇವತ್ತಿನಿಂದ ಇರ್ತದೆ."

ಬರೆದ. ಬರೆಯದೆ ಎಲ್ಲಿಗೆ ಹೋಗುತ್ತಾನೆ!

ಭಾನುವಾರ ಹೊಳೆ ದಾಟಿ ಅರವತ್ತು ಜನ ನೆಂಟರು ಬಂದರು. ಮಾರನ್ ಬಿಳಿ ಅಂಗಿ ತೊಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತ. ನಾಗರತ್ನಮ್ಮ ಅವನನ್ನು ಕೈಹಿಡಿದು ಎಬ್ಬಿಸಿ ಮುಂದಿನ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ಗೊಣಗಲು ಹೊರಟ ಒಂದಿಬ್ಬರು ಅವಳ ಮುಖ ನೋಡಿ ಸುಮ್ಮನಾದರು.

ಭರತ್ ಮೊದಲು ಆ ಹೇಳಿಕೆಯನ್ನು ಕನ್ನಡದಲ್ಲಿ ಓದಿದ. ಆಮೇಲೆ ಹಾಳೆ ಬಿಚ್ಚಿ ಗೋಡೆಗೆ ತೂಗುಹಾಕಿ, "ಹಿರಿಯ ಮಗಳು ನೀವು. ಮೊದಲ ಹೆಸರು ನೀವೇ ಓದಿ ಅತ್ತೆ," ಎಂದ.

ನಾಗರತ್ನಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಚಿಕ್ಕತಾಯಮ್ಮನ ಹೆಸರಿನ ಮೇಲೆ ಅಂಗೈ ಇಟ್ಟಳು. ಓದಬೇಕಾದ್ದನ್ನು ಓದಲಿಲ್ಲ.

"ಅವ್ವಾ," ಎಂದು ಜೋರಾಗಿ ಕರೆದಳು, ಜೀವನದಲ್ಲಿ ಮೊದಲ ಸಲ. "ಎಪ್ಪತ್ತನಾಲ್ಕು ಆಯ್ತು ನಂಗೆ. ಗೆದ್ದುಬಿಟ್ಟೆ ನೀನು. ಇನ್ನು ಯಾರಿಗೂ ಹೆದರಬೇಡ, ನಾನು ನಿನ್ನ ಮಗಳು ಅಂತ ಎಲ್ಲರಿಗೂ ಹೇಳ್ಕೋ."