ರೈಲಿನ ಪಕ್ಕದ ರಸ್ತೆ

ರಾಮನಗರದಲ್ಲಿ ರೈಲ್ವೆ ಗೇಟು ಬಿದ್ದರೆ ಬೇರೆ ಡ್ರೈವರುಗಳು ಬೈದುಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಕುದೂರು ಸುತ್ತಿನ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ತರುವ ಮೆಟಡಾರ್ ವ್ಯಾನಿಗೆ ನಾನು ಡ್ರೈವರಾಗಿದ್ದೆ. ವ್ಯಾನು ನನ್ನದಲ್ಲ, ಊರಿನ ಒಬ್ಬ ಸಾಹುಕಾರರದು. ಗೇಟು ಬಿದ್ದ ತಕ್ಷಣ ಎಂಜಿನ್ ಆಫ್ ಮಾಡಿ ಇಳಿದು, ಸಾಲಾಗಿ ನಿಂತ ಕಾರುಗಳನ್ನು ನೋಡುತ್ತಾ ಹಿಂದಕ್ಕೆ ನಡೆಯುತ್ತಿದ್ದೆ. ಪದ್ಮಿನಿ, ಅಂಬಾಸಡರ್, ಅಪರೂಪಕ್ಕೆ ಒಂದು ಹೆರಾಲ್ಡ್. ಯಾವುದರ ಬಾನೆಟ್ ಬಿಸಿಯಾಗಿದೆ, ಯಾವುದರ ಸೈಲೆನ್ಸರ್ ಸಡಿಲವಾಗಿದೆ ಎಂದು ನೋಡುವುದು. ಒಳಗೆ ಕೂತವರು ನನ್ನನ್ನು ಕಳ್ಳನೋ ಏನೋ ಎಂದು ದಿಟ್ಟಿಸುತ್ತಿದ್ದರು.

ಹಾಗೆ ನೋಡುತ್ತಿದ್ದಾಗ ಒಂದು ದಿನ ಗೇಟಿನ ಕಂಬಿಗೆ ಒರಗಿ ನಿಂತಿದ್ದ ಒಬ್ಬರು ನನ್ನನ್ನು ಕೂಗಿದರು. ಬಿಳಿ ಜುಬ್ಬ, ತೋಳಿನವರೆಗೂ ಒದ್ದೆ, ಬೆರಳುಗಳು ಬಿಸಿನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಆ ಬೆರಳು ನೋಡಿದರೆ ಸಾಕು, ನೂಲು ತೆಗೆಯುವ ರೀಲರು ಎಂದು ಗೊತ್ತಾಗುತ್ತಿತ್ತು.

“ಎಲ್ರೂ ಗೇಟ್ ತಾವ ರೈಲು ನೋಡ್ತರೆ. ನೀನೇನಯ್ಯಾ ರೈಲಿಗೆ ಬೆನ್ನು ತಿರುಗಿಸ್ಕಂಡು ಕಾರು ನೋಡ್ತೀಯ?”

“ರೈಲಲ್ಲಿ ನೋಡಕೆ ಏನೈತೆ? ಹಳಿ ಮೇಲೆ ಬತ್ತದೆ, ಹಳಿ ಮೇಲೆ ಹೋಯ್ತದೆ,” ಎಂದೆ.

ಅವರಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಂಡಿತು. ಆಗ ಪ್ಯಾಸೆಂಜರ್ ಗಾಡಿ ಹತ್ತಿರ ಬಂತು. ನನ್ನ ತೋಳು ಹಿಡಿದು ಕಂಬಿಯ ಪಕ್ಕಕ್ಕೆ ಎಳೆದುಕೊಂಡರು. ಕಪ್ಪು ಎಂಜಿನ್ನು ಹೊಗೆ ಕಾರುತ್ತಾ ನಮ್ಮ ಮುಂದೆ ಹಾದುಹೋದಾಗ ಅದರ ಬಿಸಿ ಕೆನ್ನೆಗೆ ತಾಗಿತು. ಅವರು ಕಣ್ಣು ಮುಚ್ಚಿಕೊಂಡು ಅದರ ಸದ್ದು ಕೇಳುತ್ತಿದ್ದರು. ಕಡೆಯ ಡಬ್ಬಿ ದಾಟಿದ ಮೇಲೆ ಕಣ್ಣು ಬಿಟ್ಟು, “ನನ್ನ ಮನೇಲೂ ಬಾಯ್ಲರ್ ಐತೆ, ಗೂಡು ಬೇಯಿಸೋದು. ಅದೂ ಇದೂ ಒಂದೇ ಜಾತಿ. ಅದು ಕೂತ ಕಡೆ ಕೂತಿರ್ತದೆ, ಇದು ಓಡ್ತದೆ, ಅಷ್ಟೇಯ,” ಎಂದರು.

ಅವತ್ತಿನಿಂದ ನಾವು ಸ್ನೇಹಿತರು. ಅವರು ನನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರು. ನಾನು ಭಾಯ್ ಎನ್ನುತ್ತಿದ್ದೆ, ಅವರು ನನ್ನನ್ನು ಗೌಡ ಎನ್ನುತ್ತಿದ್ದರು. ಗೂಡು ಇಳಿಸಿ, ಹರಾಜು ಮುಗಿದ ಮೇಲೆ ಅವರ ಮನೆಗೆ ಚಹಾಕ್ಕೆ ಹೋಗುತ್ತಿದ್ದೆ. ಮುಂದಿನ ಭಾಗದಲ್ಲಿ ಮನೆ, ಹಿಂದೆ ತಗಡಿನ ಮಾಡಿನ ಕೆಳಗೆ ನೂಲು ತೆಗೆಯುವ ಜಾಗ. ಕುದಿಯುವ ನೀರು, ಆವಿ, ಬೆಂದ ಹುಳುವಿನ ವಾಸನೆ. ಊರಿನ ಅರ್ಧ ಬೀದಿಗಳಲ್ಲಿ ಆಗ ಅದೇ ವಾಸನೆ ಇತ್ತು, ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ರೇಷ್ಮೆಗೆ ರೇಟು ಏರುತ್ತಿದ್ದ ಕಾಲ. ಮಾಗಡಿ ಕಡೆ ರಾಗಿ ಹೊಲಗಳನ್ನೆಲ್ಲ ಹಿಪ್ಪುನೇರಳೆ ತೋಟ ಮಾಡುತ್ತಿದ್ದರು. ರಾಮನಗರದಲ್ಲಿ ಸೈಕಲ್ ತುಳಿಯುತ್ತಿದ್ದವರು ಸ್ಕೂಟರ್ ತೆಗೆದುಕೊಂಡಿದ್ದರು, ಸ್ಕೂಟರಿನವರು ಕಾರಿನ ಮಾತಾಡುತ್ತಿದ್ದರು.

ಭಾಯ್ ಕೂಡ ಒಂದು ಕಾರು ತಂದರು. ಕೆನೆಬಣ್ಣದ ಅಂಬಾಸಡರ್, ಸೆಕೆಂಡ್ ಹ್ಯಾಂಡ್. ಮನೆ ಮುಂದೆ ಅದನ್ನು ನಿಲ್ಲಿಸಿಕೊಂಡು ನನಗೆ ಹೇಳಿಕಳಿಸಿದರು. ನಾನು ಓಡೋಡಿ ಹೋಗಿ ಸುತ್ತ ನಾಲ್ಕು ಸಲ ತಿರುಗಿದೆ, ಬಾನೆಟ್ ಎತ್ತಿ ನೋಡಿದೆ, ಕೆಳಗೆ ಮಲಗಿ ನೋಡಿದೆ. ಭಾಯ್ ಹೆಂಡತಿ, ನಾನು ಭಾಬಿ ಎನ್ನುತ್ತಿದ್ದವರು, ಬಾಗಿಲಲ್ಲಿ ನಿಂತು ನಗುತ್ತಿದ್ದರು. “ಇವರಿಗೆ ಕಾರು ಬಿಡೋಕೆ ಬರಲ್ಲ. ಕಲಿಯೋಕೂ ಮನಸ್ಸಿಲ್ಲ. ಯಾಕ್ ತಂದ್ರಿ ಅಂತ ಕೇಳು,” ಎಂದರು.

ಯಾಕೆ ಎಂದು ಕೇಳಿದೆ.

“ರೈಲಿನ ಜೊತೆಗೆ ಹೋಗಾಕೆ,” ಎಂದರು ಭಾಯ್.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ರೈಲಿನ ಒಳಗೆ ಕೂತರೆ ರೈಲು ಕಾಣುವುದಿಲ್ಲ. ಗೇಟಿನಲ್ಲಿ ನಿಂತರೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತದೆ. ಆದರೆ ಮೈಸೂರು ರಸ್ತೆ ಚನ್ನಪಟ್ಟಣದ ಕಡೆ ಅಲ್ಲಲ್ಲಿ ಹಳಿಯ ಪಕ್ಕದಲ್ಲೇ ಹೋಗುತ್ತದೆ. ಒಬ್ಬ ಒಳ್ಳೇ ಡ್ರೈವರು ಸಿಕ್ಕಿದರೆ ಎಂಜಿನ್ನಿನ ಸಮಕ್ಕೆ ಕಾರು ಓಡಿಸಬಹುದು. ಆಗ ಅದು ಓಡುವುದನ್ನು ಪೂರ್ತಿ ನೋಡಬಹುದು. “ನಿಂಗೆ ಕಾರು ಇಲ್ಲ, ನಂಗೆ ಡ್ರೈವಿಂಗ್ ಇಲ್ಲ. ಭಾನುವಾರ ಬಾ,” ಎಂದರು.

ಭಾನುವಾರ ಹೋದೆ. ಭಾಯ್ ಮುಂದೆ, ಎಡಗಡೆ. ಭಾಬಿ ಹಿಂದಿನ ಸೀಟಿನಲ್ಲಿ ಚಹಾದ ಫ್ಲಾಸ್ಕು ಹಿಡಿದುಕೊಂಡು. ಸ್ಟೇಷನ್ ದಾಟಿ ರಸ್ತೆ ಬದಿಯಲ್ಲಿ ಎಂಜಿನ್ ಆಫ್ ಮಾಡದೆ ಕಾದೆವು. ರೈಲಿನ ಕೂಗು ಕೇಳಿತು. “ಬುಡು, ಬುಡು!” ಎಂದರು ಭಾಯ್. ಸ್ಟೇರಿಂಗ್ ಪಕ್ಕದ ಗೇರು ಎಳೆದು ಬಿಟ್ಟೆ. ಮೊದಲು ಬರೀ ಹೊಗೆ ಕಾಣುತ್ತಿತ್ತು, ತೆಂಗಿನ ತೋಟಗಳ ಮೇಲೆ. ಆಮೇಲೆ ಪೊದೆಗಳು ಮುಗಿದು ಹಳಿ ಬಯಲಿಗೆ ಬಂತು, ನಾವೂ ಅದೂ ಜೊತೆಯಾದೆವು. ದೊಡ್ಡ ಚಕ್ರಗಳನ್ನು ಒಂದಕ್ಕೊಂದು ಜೋಡಿಸಿದ್ದ ಉಕ್ಕಿನ ತೋಳು ಮೇಲೆ ಕೆಳಗೆ ಆಡುತ್ತಿತ್ತು. ಕಲ್ಲಿದ್ದಲು ಹಾಕುವವನು ನಮ್ಮನ್ನು ಕಂಡು ಸಲಿಕೆ ಎತ್ತಿ ತೋರಿಸಿದ. ಭಾಯ್ ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ ಏನೋ ಕಿರುಚುತ್ತಿದ್ದರು. ಭಾಬಿ ಹಿಂದಿನಿಂದ ಅವರ ಜುಬ್ಬ ಹಿಡಿದು ಜಗ್ಗುತ್ತಿದ್ದರು. ನಾನು ರಸ್ತೆ ನೋಡಬೇಕು, ಎದುರಿಗೆ ಬರುವ ಲಾರಿ ನೋಡಬೇಕು, ಆದರೂ ಕಣ್ಣು ಆ ಉಕ್ಕಿನ ತೋಳಿನ ಕಡೆಗೇ ಹೋಗುತ್ತಿತ್ತು. ಚನ್ನಪಟ್ಟಣದಲ್ಲಿ ನಿಲ್ಲಿಸಿದಾಗ ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕಾರು ಓಡಿಸಿರಲಿಲ್ಲ.

ಹಾಗೆ ಎಷ್ಟೋ ಭಾನುವಾರಗಳು ಹೋದವು. ನಾನು ಗೊತ್ತಿಲ್ಲದೆಯೇ ರೈಲಿನ ಮಾತಾಡುವವನಾದೆ. ಅವರು ಕಾರ್ಬುರೇಟರು, ಪ್ಲಗ್ಗು ಎಂದು ಕೇಳತೊಡಗಿದರು. ಒಂದು ಸಲ ಅವರು ನಮ್ಮೂರಿಗೂ ಬಂದಿದ್ದರು. ನಮ್ಮವ್ವ ಹುಟ್ಟಿದಾಗಿನಿಂದ ರೈಲು ನೋಡಿರಲಿಲ್ಲ. ಮಾಗಡಿ ಸೀಮೆಯಲ್ಲಿ ಬಸ್ಸು ಬಿಟ್ಟರೆ ಬೇರೇನಿಲ್ಲ. ಭಾಯ್ ಕೇಳಿ ಗಾಬರಿಯಾದರು. ಅವ್ವನನ್ನು ಕಾರಿನಲ್ಲಿ ಕೂರಿಸಿ, ನನ್ನ ಕೈಲಿ ಓಡಿಸಿಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸಿದರು. ರೈಲು ಹೋಯಿತು. ಹೇಗಿತ್ತು ಎಂದು ಭಾಯ್ ಆಸೆಯಿಂದ ಕೇಳಿದರು. ಅವ್ವ ಸೆರಗಿನಿಂದ ಕಣ್ಣಿನ ಕಸ ಒರೆಸಿಕೊಳ್ಳುತ್ತಾ, “ಇಷ್ಟೊಂದ್ ಜನ ಎಲ್ಲಿಗ್ ಹೋಯ್ತಾವ್ರಪ್ಪಾ? ಇವರ ಮನೇಲಿ ಕೆಲ್ಸ ಇಲ್ವಾ?” ಎಂದಳು. ಭಾಯ್ ನಗಲು ಹೋಗಿ ಕೆಮ್ಮಿದರು. ಆ ಕೆಮ್ಮು ನಿಲ್ಲುವಷ್ಟರಲ್ಲಿ ಗೇಟು ತೆರೆದು ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು.

ನೂಲು ತೆಗೆಯುವ ಮನೆಗಳಲ್ಲಿ ಕೆಮ್ಮು ಹೊಸದಲ್ಲ. ಹಗಲೆಲ್ಲಾ ಆ ಆವಿಯಲ್ಲಿ ಕೂತವರಿಗೆ ಎದೆ ಕಟ್ಟುತ್ತಿತ್ತು. ಎಲ್ಲರೂ ಶೀತ ಎನ್ನುತ್ತಿದ್ದರು, ಭಾಯ್ ಕೂಡ. ಆಮೇಲೆ ಉಸಿರಾಡುವಾಗ ಎದೆಯಲ್ಲಿ ಸಿಳ್ಳೆಯಂಥ ಶಬ್ದ ಬರತೊಡಗಿತು. ಡಾಕ್ಟರು ಆಸ್ತಮಾ ಎಂದರು. ಗೂಡು ಬೇಯಿಸುವ ಜಾಗದಿಂದ ದೂರ ಇರಿ, ಹೊಗೆ ಧೂಳಿನ ಹತ್ತಿರ ಹೋಗಬೇಡಿ ಎಂದರು.

“ಆವಿ ಬುಡ್ಬೇಕು, ಹೊಗೆ ಬುಡ್ಬೇಕು,” ಎಂದರು ಭಾಯ್ ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಾ. “ಆವಯ್ಯಂಗೆ ನನ್ ವಿಷ್ಯ ಯಾರೋ ಹೇಳವ್ರೆ.”

ಗೂಡು ಬೇಯಿಸುವುದನ್ನು ಅವರು ಬಿಡಲಿಲ್ಲ, ಬಿಟ್ಟರೆ ಮನೆ ನಡೆಯುವುದು ಹೇಗೆ? ರೈಲನ್ನು ಮಾತ್ರ ಕಿಟಕಿಯ ಗಾಜು ಏರಿಸಿಕೊಂಡು ನೋಡುವುದು ಎಂದು ಭಾಬಿ ಕಟ್ಟುನಿಟ್ಟು ಮಾಡಿದರು. ಗಾಜು ಏರಿಸಿದರೆ ಕಾರಿನ ಒಳಗೆ ನಮ್ಮ ಎಂಜಿನ್ನಿನ ಸದ್ದೇ ತುಂಬಿಕೊಳ್ಳುತ್ತಿತ್ತು. ಆಚೆ ರೈಲು ಮೂಗನ ಹಾಗೆ ಓಡುತ್ತಿತ್ತು. ಭಾಯ್ ಸ್ವಲ್ಪ ಹೊತ್ತು ನೋಡಿ ಕಣ್ಣು ತೆಗೆಯುತ್ತಿದ್ದರು. ನಾನು ಆಗೆಲ್ಲ ಬೇಕೆಂದೇ ನಿಧಾನ ಮಾಡಿ ರೈಲನ್ನು ಮುಂದೆ ಬಿಟ್ಟುಬಿಡುತ್ತಿದ್ದೆ.

ಅದೇ ಸುಮಾರಿಗೆ ಡೀಸೆಲ್ ಎಂಜಿನ್ನು ಬಂತು. ನಮಗೆ ಗೊತ್ತಿರಲಿಲ್ಲ. ಎಂದಿನಂತೆ ಸ್ಟೇಷನ್ ಆಚೆ ಕಾದು ನಿಂತಿದ್ದೆವು. ತೋಟಗಳ ಮೇಲೆ ಹೊಗೆಯೇ ಏಳಲಿಲ್ಲ. ಪೊದೆಗಳ ಸಂದಿನಿಂದ ಪೆಟ್ಟಿಗೆಯಂಥ ಎಂಜಿನ್ನು ಹೊರಗೆ ಬಂದಾಗ ನಾನು ಅಭ್ಯಾಸಬಲದಿಂದ ಗೇರು ಹಾಕಿದೆ. ಅದರ ಸಮಕ್ಕೆ ಓಡಿಸಿದೆ ಕೂಡ. ಭಾಯ್ ಗಾಜು ಇಳಿಸಿದರು, ಅದರ ಗುರುಗುಟ್ಟುವ ಡೀಸೆಲ್ ಸದ್ದು ಕೇಳಿದರು, ಮತ್ತೆ ಏರಿಸಿದರು.

“ತಿರುಗಿಸ್ಕೋ ಗೌಡ.”

“ಭಾಯ್, ಚನ್ನಪಟ್ಟಣದವರೆಗೆ ಹೋಗಿ ಬರೋಣ.”

“ಲಾರಿ ನೋಡಕ್ಕೆ ಅಷ್ಟು ದೂರ ಯಾಕೆ? ತಿರುಗಿಸ್ಕೋ.”

ಆಮೇಲೆ ಭಾನುವಾರಗಳು ನಿಂತವು. ಕಾರು ಮನೆ ಮುಂದೆ ನಿಂತೇ ಇರುತ್ತಿತ್ತು. ನಾನು ಹೋದಾಗ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಓಡಿಸಿ ಬರುತ್ತಿದ್ದೆ, ಬ್ಯಾಟರಿ ಹೋಗಬಾರದೆಂದು. ಭಾಯ್ ಜೊತೆಗೆ ಬರುತ್ತಿರಲಿಲ್ಲ. ಅವರು ದಿನದಿನಕ್ಕೆ ಸಣ್ಣಗಾಗುತ್ತಿದ್ದರು. ಮಾರ್ಕೆಟ್ಟಿಗೆ ಬಂದರೆ ಹರಾಜಿನಲ್ಲಿ ಕೂಗಲು ಉಸಿರು ಸಾಲದೆ ಕೈ ಎತ್ತುತ್ತಿದ್ದರು. ಕಡೆಗೆ ಮಾರ್ಕೆಟ್ಟಿಗೆ ಬರುವುದೂ ನಿಂತಿತು. ಮಂಚದ ಮೇಲೆ ದಿಂಬುಗಳನ್ನು ಒಟ್ಟಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಒಂದು ದಿನ ಭಾಬಿ ನನ್ನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದರು. “ಮೈಸೂರಲ್ಲಿ ಹಳೇ ಎಂಜಿನ್ ಇನ್ನೂ ನಿಲ್ಲಿಸಿದಾರಂತೆ. ಯಾರೋ ಹೇಳಿದ್ರು ಇವರಿಗೆ. ಬಾಯಿಬಿಟ್ಟು ಕೇಳಲ್ಲ. ಒಂದ್ಸಲ ಕರ್ಕೊಂಡು ಹೋಗು.”

ಹೋದೆವು. ಹಿಂದಿನ ಸೀಟಿನಲ್ಲಿ ದಿಂಬು ಜೋಡಿಸಿ ಭಾಬಿ ಅವರನ್ನು ಒರಗಿಸಿಕೊಂಡು ಕೂತರು. ಗುಂಡಿ ಬಂದಲ್ಲೆಲ್ಲ ನಾನು ಬ್ರೇಕ್ ಮೇಲೆ ಕಾಲಿಟ್ಟು ತೆವಳಿಸಿದೆ. ಹಳಿ ಪಕ್ಕಕ್ಕೆ ಬಂದಾಗಲೂ ಭಾಯ್ ಅತ್ತ ನೋಡಲಿಲ್ಲ, ಕಣ್ಣು ಮುಚ್ಚಿದ್ದರು. ಮೈಸೂರಿನ ಯಾರ್ಡಿನಲ್ಲಿ ಕಾವಲಿನವನಿಗೆ ಕೈಮುಗಿದು, ಕಾಯಿಲೆಯವರು, ಬರೀ ನೋಡಿ ಹೋಗುತ್ತೇವೆ ಎಂದೆ. ಅವನು ಭಾಯ್ ಮುಖ ನೋಡಿ ಸುಮ್ಮನೆ ದಾರಿ ಬಿಟ್ಟ.

ಎಂಜಿನ್ನುಗಳು ಒಂದರ ಹಿಂದೆ ಒಂದು ನಿಂತಿದ್ದವು. ಚಕ್ರಗಳ ಮಧ್ಯೆ ಹುಲ್ಲು ಆಳೆತ್ತರ ಬೆಳೆದಿತ್ತು. ದೀಪಗಳನ್ನು ಬಿಚ್ಚಿಕೊಂಡಿದ್ದರು, ಹಿತ್ತಾಳೆಯದ್ದು ಏನೂ ಉಳಿದಿರಲಿಲ್ಲ. ನಾವಿಬ್ಬರೂ ಎರಡು ಕಡೆ ಹಿಡಿದು ಭಾಯ್ ಅವರನ್ನು ನಡೆಸಿದೆವು. ಮೊದಲನೆಯದರ ಹತ್ತಿರ ನಿಂತು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಮಧ್ಯಾಹ್ನದ ಬಿಸಿಲಿತ್ತು, ಆದರೆ ಅವರು ಮುಟ್ಟಿದ್ದು ನೆರಳಿನ ಕಡೆಯನ್ನು.

“ತಣ್ಣಗೈತೆ,” ಎಂದರು.

ಬೇರೆಯವನ್ನು ನೋಡಲಿಲ್ಲ. ಹೋಗೋಣ ಎಂದು ಕೈಸನ್ನೆ ಮಾಡಿದರು. ನನಗೆ ಅವರನ್ನು ಕರೆತರಬಾರದಿತ್ತು ಎನ್ನಿಸಿತು. ಭಾಬಿಗೂ ಹಾಗೇ ಅನ್ನಿಸಿರಬೇಕು, ಮುಖ ತಿರುಗಿಸಿಕೊಂಡು ನಡೆದರು.

ಬರುವಾಗ ಮಂಡ್ಯ ದಾಟಿ ಮದ್ದೂರಿನ ಹತ್ತಿರ ಬಂದಾಗ ಹಿಂದಿನಿಂದ ಭಾಯ್ ಧ್ವನಿ ಬಂತು.

“ಗೌಡ, ಒಂದು ಸಿಲಿಂಡರ್ ತಪ್ತಾ ಐತೆ ಕಣಯ್ಯಾ. ಕೇಳ್ತಾ ಇಲ್ವಾ ನಿಂಗೆ?”

ನನಗೆ ಕೇಳಿರಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರೆ ಒಂದು ಪ್ಲಗ್ಗಿನ ವೈರು ಸಡಿಲವಾಗಿತ್ತು. ಒತ್ತಿ ಕೂರಿಸಿದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಸದ್ದು ನೆಟ್ಟಗಾಯಿತು. “ಹ್ಞಾಂ, ಈಗ ಸರಿ,” ಎಂದರು. ರಾಮನಗರದವರೆಗೂ ಅವರು ಆ ಎಂಜಿನ್ನನ್ನೇ ಕೇಳುತ್ತಾ ಬಂದರೆಂದು ಕನ್ನಡಿಯಲ್ಲಿ ಅವರ ಮುಖ ನೋಡಿದಾಗ ಗೊತ್ತಾಯಿತು. ಬಹಳ ಎಚ್ಚರಿಕೆಯಿಂದ ಓಡಿಸಿದೆ.

ಮಳೆಗಾಲ ಹಿಡಿದ ಮೇಲೆ ಅವರು ಹೋದರು. ನಾನು ಗೂಡು ಇಳಿಸುತ್ತಿದ್ದೆ, ಮಾರ್ಕೆಟ್ಟಿನಲ್ಲೇ ಸುದ್ದಿ ಬಂತು. ಓಡಿಹೋಗಿ ನೋಡಿದರೆ ಅವರ ಮನೆಯ ಹಿತ್ತಲಿನಲ್ಲಿ ನೀರು ಇನ್ನೂ ಕುದಿಯುತ್ತಿತ್ತು, ಬೆಂಕಿ ಆರಿಸಲು ಯಾರಿಗೂ ತೋಚಿರಲಿಲ್ಲ. ಒಲೆಯಿಂದ ಕೊಳ್ಳಿಗಳನ್ನು ನಾನೇ ಹೊರಗೆಳೆದು ನೀರು ಹಾಕಿದೆ. ಸಂಜೆ ಜನಾಜಾ ಹೊರಟಾಗ ನಾನೂ ಹೆಗಲು ಕೊಟ್ಟೆ. ಏನೂ ಭಾರವಿರಲಿಲ್ಲ. ದಾರಿಯಲ್ಲಿ ಗೇಟು ತೆರೆದೇ ಇತ್ತು, ಹಳಿ ದಾಟಿಕೊಂಡು ಹೋದೆವು. ಖಬರಸ್ತಾನದಲ್ಲಿ ಎಲ್ಲರಂತೆ ನಾನೂ ಮಣ್ಣು ಹಾಕಿದೆ.

ಅವರಿಗೆ ಮಕ್ಕಳಿರಲಿಲ್ಲ. ಭಾಬಿ ನೂಲಿನ ಕೆಲಸ ನಿಲ್ಲಿಸಿ ಚನ್ನಪಟ್ಟಣದಲ್ಲಿ ಅಣ್ಣನ ಮನೆ ಸೇರುವುದೆಂದಾಯಿತು. ಕಾರನ್ನು ನೀನೇ ಇಟ್ಟುಕೋ ಎಂದು ಒಂದೇ ಒಂದು ಸಲ ಹೇಳಿದರು. ನಾನು ಬೇಡ ಎಂದೆ. ಎಷ್ಟೋ ವರ್ಷ ಕಾರಿಗಾಗಿ ಬಾಯಿಬಿಟ್ಟವನು ನಾನು, ಆದರೆ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಆ ರಸ್ತೆಯಲ್ಲಿ ಓಡಿಸುವುದು ನನ್ನಿಂದಾಗುತ್ತಿರಲಿಲ್ಲ. ಕನಕಪುರದ ಆಚೆ ಕೋಡಿಹಳ್ಳಿಯ ಕಡೆ ಒಬ್ಬ ರೈತರು ಕೇಳಿದರು. ಅವರಿಗೆ ಆ ವರ್ಷ ಗೂಡು ಚೆನ್ನಾಗಿ ಬಂದಿತ್ತು. ಭಾಬಿ ಒಪ್ಪಿದರು. ಕಾರನ್ನು ತೊಳೆದು ನಾನೇ ಓಡಿಸಿಕೊಂಡು ಹೋಗಿ ಬಿಟ್ಟೆ. ಅವರ ಮಗ ಕೀ ಇಸಕೊಂಡವನೇ ಹಾರ್ನ್ ಬಾರಿಸಿದ, ಹಟ್ಟಿಯ ಕುರಿಗಳೆಲ್ಲ ಚೆದುರಿ ಓಡಿದವು. ನಾನು ರಸ್ತೆಗೆ ಬಂದು ಕನಕಪುರದ ಬಸ್ಸಿಗೆ ಕಾದೆ.

ಆಮೇಲೆ ಅದನ್ನು ಕಂಡದ್ದು ಒಂದೇ ಸಲ, ಮಾರ್ಕೆಟ್ಟಿನ ಮುಂದೆ. ಹಿಂದಿನ ಸೀಟು ಕಿತ್ತುಹಾಕಿ ಗೂಡಿನ ಮೂಟೆ ತುಂಬಿದ್ದರು. ಕ್ಲಚ್ಚಿನಿಂದ ಸುಟ್ಟ ವಾಸನೆ ಬರುತ್ತಿತ್ತು.

ಅದೇ ವಾರ ಚನ್ನಪಟ್ಟಣಕ್ಕೆ ಹೋದಾಗ ಭಾಬಿಯನ್ನು ನೋಡಲು ಹೋದೆ. ಅವರ ಅಣ್ಣನ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಕಾರು ನೋಡಿದೆಯಾ ಎಂದು ಕೇಳಿದರು.

“ನೋಡಿದೆ, ಭಾಬಿ.”

“ಯಾರು ಓಡಿಸ್ತಾರೆ?”

“ಅವರ ಮಗ.”

“ಚೆನ್ನಾಗಿ ಓಡಿಸ್ತಾನಾ?”

“ಇಲ್ಲ,” ಎಂದೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದರು. ಆಮೇಲೆ ಬಕೆಟ್ಟು ಎತ್ತಿಕೊಂಡು, ಕೂತ್ಕೋ, ಚಹಾ ಮಾಡ್ತೀನಿ ಎಂದು ಒಳಗೆ ಹೋದರು.