ಕನ್ನಡಿಯ ಬೆನ್ನ ಮೇಲೆ ಬರೆದವಳು

ಇವಳ ಅಜ್ಜ ಕಮ್ಮಾರ. ಗಾಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಡಾಣಿಯನ್ನೇ ಕಳ್ಳರು ಎಗರಿಸುತ್ತಿದ್ದ ಕಾಲದಲ್ಲಿ, ಎಷ್ಟು ಎಳೆದರೂ ಜಪ್ಪಯ್ಯ ಅನ್ನದ ಕೊಕ್ಕೆ ಕಡಾಣಿ ಬಡಿದುಕೊಟ್ಟವನು. ಅಪ್ಪ ಸೈಕಲ್ ರಿಪೇರಿಯವನು. ಬೆಲ್ಲು, ಡೈನಮೊ ಮೇಲೆಲ್ಲ ಯಜಮಾನನ ಹೆಸರು ಕೆತ್ತಿ, "ಕದ್ದವನು ಬೆಲ್ಲು ಹೊಡೆದಾಗೆಲ್ಲ ಅವನ ಎದೆ ಹೊಡ್ಕೊಳ್ಳಲಿ" ಅನ್ನುತ್ತಿದ್ದ. ಅಂಥ ಮನೆಯ ಮಗಳು ನನ್ನ ತಮ್ಮನ ಹೆಂಡತಿಯಾಗಿ ಬಂದಳು. ಜೊತೆಗೆ ತಂದದ್ದು ಒಂದು ಪೆಟ್ಟಿಗೆ ಉಳಿ, ವಜ್ರದ ಮೊನೆಯ ಒಂದು ಕಡ್ಡಿ.

ನನ್ನ ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು, ಕಾರಿನ ಪಕ್ಕದ ಕನ್ನಡಿಗಳ ಮೇಲೆ ಗಾಡಿ ನಂಬರು ಕೊರೆಯಲು ಕೂತಳು. ನಂಬರಿರುವ ಕನ್ನಡಿಯನ್ನು ಕದ್ದರೂ ಕೊಳ್ಳುವವರಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ನಲವತ್ತು ಗಾಡಿಗಳೂ ಅವಳ ಕೈಬರಹ ಹೊತ್ತು ತಿರುಗುತ್ತಿದ್ದವು. ಎಲ್ಲರ ಬಾಯಲ್ಲೂ ಅವಳು ಕನ್ನಡಿಯಕ್ಕ.

ಒಂದು ಬೆಳಿಗ್ಗೆ ಸ್ಟ್ಯಾಂಡಿನ ಮುಖಂಡ, ನಾವೆಲ್ಲ ಮೀಸೆ ಅಂತ ಕರೆಯುವವನು, ಒಂದು ಕನ್ನಡಿ ತಂದು ಮೇಜಿನ ಮೇಲೆ ಕುಕ್ಕಿದ.

"ಅಕ್ಕಾ, ಹೋದ ವಾರ ನನ್ನ ಕನ್ನಡಿ ಕಳುವಾಯ್ತಲ್ಲ, ಗುಜರಿಯಲ್ಲಿ ಬೇರೇದು ಕೊಂಡೆ. ಮನೆಗೆ ಬಂದು ನೋಡಿದ್ರೆ ಇದು ನಂದೇ! ಮೂಲೇಲಿ ಚಕ್ಕೆ ಎದ್ದಿದೆ ನೋಡು, ನನ್ನ ಮಗಳು ಚೆಂಡು ಹೊಡೆದದ್ದು. ನಿನ್ನ ನಂಬರು ಎಲ್ಲಿ ಓಡಿಹೋಯ್ತು?"

ಕಳ್ಳರು ಮೇಲ್ಮೈ ಉಜ್ಜಿ ಉಜ್ಜಿ ಬರಹವನ್ನು ಅಳಿಸಿದ್ದರು.

"ಶನಿವಾರದೊಳಗೆ ದಾರಿ ತೋರಿಸು. ಇಲ್ಲಾಂದ್ರೆ ಸ್ಟ್ಯಾಂಡ್ ಪೂರ್ತಿ ಬೇರೆ ಕಡೆ ಹೋಗತ್ತೆ," ಅಂದು ಹೊರಟ.

ಅವಳ ಮುಖ ಹುಳ್ಳಗಾಯಿತು. ಮೂರು ತಲೆಮಾರಿನ ಹೆಸರು ಬೀದಿಪಾಲಾಗುವ ಹೊತ್ತು. ಎರಡು ದಿನ ಹಳೆಯ ಕನ್ನಡಿಗಳನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತಳು. ಮೂರನೆಯ ದಿನ ಒಂದನ್ನು ಬೋರಲು ಹಾಕಿ, ಬೆನ್ನಿನ ಲೇಪವನ್ನೇ ಗೀರಿ ನಂಬರು ಬರೆದಳು. ಮುಂದೆ ಗಾಜು ನುಣ್ಣಗೆ, ಬರಹ ಒಳಗೆ! ತಿರುಗಿಸಿ ನನಗೆ ತೋರಿಸಿದಳು. ಅಂಕಿಗಳೆಲ್ಲ ತಿರುಗುಮುರುಗು.

"ಏನಮ್ಮಾ, ಇದನ್ನ ಓದೋಕೆ ಇನ್ನೊಂದು ಕನ್ನಡಿ ಬೇಕಲ್ಲ?" ಅಂದೆ.

"ನಗಿ ಭಾವ, ನಗಿ. ಹಲ್ಲು ಉದುರೋವರೆಗೂ ನಗಿ," ಅಂದವಳು ಮತ್ತೊಂದನ್ನು ಎಳೆದುಕೊಂಡಳು. ಅಂದು ಸಂಜೆಯೊಳಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ತಿರುಗಿಸಿ ಬರೆಯುವುದನ್ನು ಕೈಗೆ ಕಲಿಸಿಬಿಟ್ಟಳು. ಗೀರಿದ ಜಾಗಕ್ಕೆ ತೇವ ಇಳಿಯದಂತೆ ಕೆಂಪು ಬಣ್ಣ ತುಂಬಿದಳು. ಮುಂದಿನಿಂದ ನೋಡಿದರೆ ಕೆಳಮೂಲೆಯಲ್ಲಿ ಕೆಂಪು ನಂಬರು ಗಾಜಿನೊಳಗೇ ಹುಟ್ಟಿದಂತೆ ಕಾಣುತ್ತಿತ್ತು.

ಶನಿವಾರ ಮೀಸೆ ಬಂದ. ಬೆನ್ನಿಗೆ ಹತ್ತಾರು ಡ್ರೈವರುಗಳು. ಅವಳು ಕನ್ನಡಿಯನ್ನೂ ಪಾಲಿಶಿನ ಡಬ್ಬಿಯನ್ನೂ ಅವನ ಕೈಗಿಟ್ಟಳು.

"ತಗೋ, ನೀನೇ ಕಳ್ಳ ಅಂದ್ಕೋ. ಅಳಿಸು."

"ಅವನಿಗೆ ಅಂದ್ಕೊಳ್ಳೋದೇನು ಕಷ್ಟ, ಮುಖಾನೇ ಹಂಗಿದೆ," ಅಂದ ಹಿಂದಿದ್ದವನೊಬ್ಬ.

ಮೀಸೆ ಉಜ್ಜಿದ. ಬೆವರು ಒರೆಸಿಕೊಂಡು ಮತ್ತೆ ಉಜ್ಜಿದ. ಗಾಜು ಮಬ್ಬಾಯಿತು, ನಂಬರು ಕದಲಲಿಲ್ಲ. ಹಠ ಹಿಡಿದು ಹಿಂದಿನಿಂದ ಬಣ್ಣ ಕೆರೆದ. ಅಲ್ಲಿ ಲೇಪವೇ ಇಲ್ಲ, ನಂಬರಿನ ಆಕಾರಕ್ಕೇ ಆಚೆ ಬದಿ ಕಂಡಿತು. ಇನ್ನಷ್ಟು ಕೆರೆದ, ಮೂಲೆ ಪೂರ್ತಿ ಬೋಳಾಯಿತು.

"ಇದನ್ನ ಯಾವ ಗುಜರಿಯವನೂ ಮೂಸಿ ನೋಡಲ್ಲ," ಅಂತ ಕೆಳಗಿಟ್ಟ. "ಸೋತೆ ಅಕ್ಕಾ."

ನನಗೆ ಎದೆಯುಬ್ಬಿತು. ನನ್ನ ಕೂಸು ಗೆದ್ದಂತೆ ಎಲ್ಲರ ಮುಖ ನೋಡಿದೆ.

ಅಷ್ಟರಲ್ಲಿ ಬೀದಿಯ ತಿರುವಿನವರೆಗೂ ಟ್ಯಾಕ್ಸಿಗಳ ಸಾಲು. ಒಂದೊಂದಕ್ಕೂ ಎರಡೆರಡು ಕನ್ನಡಿ, ಬಿಚ್ಚಬೇಕು, ಬೆನ್ನಿಗೆ ಬರೆಯಬೇಕು, ಮತ್ತೆ ಕೂರಿಸಬೇಕು. ಮೀಸೆಗೂ ಮರುಕ ಹುಟ್ಟಿತು.

"ಎಂಬತ್ತು ಕನ್ನಡಿ ಅಕ್ಕಾ, ಬೆರಳು ಸವೆದುಹೋದಾವು. ನಮ್ಮ ಭಾವಮೈದನ ಹತ್ರ ಕೆತ್ತೋ ಮಿಷಿನ್ ಇದೆ. ಅವನನ್ನೂ ಮಿಷಿನನ್ನೂ ಕಳಿಸ್ತೀನಿ, ಪುಕ್ಕಟೆ."

ಅವಳು ಮೊದಲ ಗಾಡಿಯ ಕನ್ನಡಿಯನ್ನು ಬಟ್ಟೆಯ ಮೇಲೆ ಬೋರಲು ಹಾಕಿದಳು.

"ಬೇಡಪ್ಪಾ. ಮಿಷಿನ್ ತಪ್ಪು ಬರೆದ್ರೆ ನೀನು ಯಾರ ಹತ್ರ ಜಗಳ ಆಡ್ತೀಯ? ನಾನು ತಪ್ಪಿದ್ರೆ ನನ್ನ ಮೇಜಿಗೇ ಬಂದು ಕುಕ್ಕು. ಈಗ ಬೆಳಕಿಗೆ ಅಡ್ಡ ನಿಂತಿದೀಯ, ಪಕ್ಕಕ್ಕೆ ಸರಿ."